ಕಬ್ಬಿನ ಹಂಗಾಮಿಗೆ ಮುಂಚಿನ ಮದುವೆಗಳು

ದಸರಾ ಮುಗಿದು ದೀಪಾವಳಿ ಹತ್ತಿರವಾಗುತ್ತಿದ್ದಂತೆ ಪುಣೆ-ಕೊಲ್ಹಾಪುರ-ಬೆಳಗಾವಿ ಹೆದ್ದಾರಿಯಲ್ಲಿ ಊರಿಗೆ ಹೋಗುವ ನಮ್ಮ ಬಂಧುಗಳಿಗೆ ಒಂದು ದೃಶ್ಯ ಹೊಸತಲ್ಲ. ಲಾರಿ, ಟ್ರ್ಯಾಕ್ಟರುಗಳ ಮೇಲೆ ಪಾತ್ರೆ, ಹಾಸಿಗೆ, ಕೋಳಿ, ಮೇಕೆಗಳ ಜೊತೆ ಕುಳಿತ ಕುಟುಂಬಗಳು ಸಾಲುಸಾಲಾಗಿ ಸಾಗುತ್ತಿರುತ್ತವೆ. ಬೀಡ್, ಪರಭಣಿ, ಜಾಲನಾ, ಧಾರಾಶಿವ ಮುಂತಾದ ಒಣ ಜಿಲ್ಲೆಗಳಿಂದ ಲಕ್ಷಗಟ್ಟಲೆ ಜನ ಕಬ್ಬು ಕಡಿಯಲು ಕೊಲ್ಹಾಪುರ, ಸಾಂಗ್ಲಿ, ಸಾತಾರಾಗಳಿಗೆ ಮಾತ್ರವಲ್ಲ, ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳ ಪ್ರದೇಶಕ್ಕೂ ಬರುತ್ತಾರೆ. ಆ ಲಾರಿಗಳಲ್ಲಿ ಕುಳಿತ ಹೊಸ ಮದುಮಕ್ಕಳತ್ತ ಯಾರೂ ಅಷ್ಟಾಗಿ ಗಮನ ಕೊಡುವುದಿಲ್ಲ. ಕೈಯಲ್ಲಿ ಹಸಿರು ಬಳೆ ಇನ್ನೂ ಹೊಸತು, ಮುಖ ಮಾತ್ರ ಶಾಲೆಗೆ ಹೋಗುವ ಹುಡುಗಿಯದು. ಹಂಗಾಮು ಆರಂಭವಾಗುವ ಮೊದಲಿನ ಕೆಲವು ವಾರಗಳಲ್ಲಿ ಈ ಭಾಗದ ಹಳ್ಳಿಗಳಲ್ಲಿ ಅವಸರದ ಮದುವೆಗಳು ನಡೆಯುತ್ತವೆ. ಅದಕ್ಕೆ ಕಾರಣ ಪಂಚಾಂಗದ ಮುಹೂರ್ತವಲ್ಲ, ಕಾರ್ಖಾನೆಯ ಬಾಯ್ಲರ್ ಹೊತ್ತಿಸುವ ದಿನ.

ಬಾಲ್ಯವಿವಾಹ ಎಂದಕೂಡಲೇ ನಮ್ಮ ಸಭೆ-ಸಮಾರಂಭಗಳಲ್ಲಿ 'ಅಜ್ಞಾನ', 'ಮೂಢನಂಬಿಕೆ' ಎಂಬ ಎರಡು ಶಬ್ದಗಳು ಕೇಳಿಬರುತ್ತವೆ. ಭಾಷಣಕ್ಕೆ ಅವು ಸಾಕಾಗಬಹುದು. ಆದರೆ ಹೆಣ್ಣಿಗೆ 18, ಗಂಡಿಗೆ 21 ಎಂಬ ಸಂಖ್ಯೆಗಳು ಈಗ ಯಾವ ಹಳ್ಳಿಗೂ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದೂ ಮದುವೆ ಮಾಡುತ್ತಾರೆ. ಬ್ಯಾಂಕಿನಲ್ಲಿ ಮೂರು ದಶಕ ಲೆಕ್ಕ ಬರೆದ ನನಗೆ ಇದು ಅಜ್ಞಾನಕ್ಕಿಂತ ಹೆಚ್ಚಾಗಿ ಒಂದು ಲೆಕ್ಕಾಚಾರದಂತೆ ಕಾಣುತ್ತದೆ. ಆ ಲೆಕ್ಕದಲ್ಲಿ ಹುಡುಗಿಯ ಆರೋಗ್ಯ, ಆಕೆಯ ಶಾಲೆ, ಆಕೆಯ ಆಯುಷ್ಯವನ್ನು ಯಾವ ಕಾಲಮಿನಲ್ಲಿಯೂ ನಮೂದಿಸುವುದಿಲ್ಲ ಎಂಬುದೇ ಅದರ ದೋಷ.

ಮೊದಲು ಕೆಲವು ಅಂಕಿಗಳು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಎಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು ಎಂದು ಕೇಳುತ್ತದೆ. 2005-06ರಲ್ಲಿ ದೇಶದ ಸರಾಸರಿ ಶೇಕಡಾ 47 ಇತ್ತು. 2015-16ಕ್ಕೆ 26.8ಕ್ಕೆ ಇಳಿಯಿತು, 2019-21ರಲ್ಲಿ 23.3ಕ್ಕೆ ಬಂತು. ಮೊದಲ ಹತ್ತು ವರ್ಷದ ಇಳಿಕೆ ದೊಡ್ಡದು, ನಂತರದ್ದು ಅಲ್ಪ. ಕರ್ನಾಟಕದ ಮಟ್ಟಿಗಂತೂ ಅದು ನಿಂತೇ ಹೋಯಿತು. 2015-16ರಲ್ಲಿ 21.4 ಇದ್ದದ್ದು 2019-21ರಲ್ಲಿ 21.3. ಅಂದರೆ ಐದು ಹುಡುಗಿಯರಲ್ಲಿ ಒಬ್ಬಳು. ಮಹಾರಾಷ್ಟ್ರ 26.3ರಿಂದ 21.9ಕ್ಕೆ ಇಳಿಯಿತಾದರೂ ಅದರೊಳಗಿನ ಅಂತರ ಗಾಬರಿ ಹುಟ್ಟಿಸುತ್ತದೆ. ಪರಭಣಿ, ಬೀಡ್ ಜಿಲ್ಲೆಗಳಲ್ಲಿ ಪ್ರಮಾಣ ಶೇಕಡಾ 40ನ್ನು ದಾಟಿತ್ತು. ಅಕ್ಕಲಕೋಟೆಯಂಥ ಕನ್ನಡದ ತಾಲೂಕನ್ನು ಮಡಿಲಲ್ಲಿಟ್ಟುಕೊಂಡ ಸೊಲ್ಲಾಪುರ ಜಿಲ್ಲೆಯೂ ಅದೇ ಸಾಲಿನಲ್ಲಿತ್ತು. ಮುಂಬಯಿಯಲ್ಲಿ ಕುಳಿತು ಇದು 'ಅವರ' ಸಮಸ್ಯೆ ಎನ್ನುವಂತಿಲ್ಲ.

ಇನ್ನೊಂದು ವಿಷಯ ಗಮನಿಸಬೇಕು. ಸಮೀಕ್ಷೆಯಲ್ಲಿ ಉತ್ತರ ಕೊಟ್ಟ 22-23ರ ಹೆಣ್ಣುಮಗಳ ಮದುವೆ ನಡೆದದ್ದು ಅದಕ್ಕೆ ಆರೇಳು ವರ್ಷ ಹಿಂದೆ. ಆದ್ದರಿಂದ 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದ ಮೇಲೆ ನಡೆದ ಮದುವೆಗಳು ಆ ಲೆಕ್ಕದಲ್ಲಿ ಬಹುಪಾಲು ಸೇರಿಲ್ಲ. ಕೊರೋನಾ ಕಾಲದಲ್ಲಿ 50 ಜನರಿಗೆ ಮಾತ್ರ ಅನುಮತಿ ಇದ್ದಾಗ ಬಡವನಿಗೆ ಅದು ಖರ್ಚಿಲ್ಲದ ಮದುವೆಯ ಸದವಕಾಶವಾಯಿತು. ಶಿಕ್ಷಕರು ಮನೆಯಲ್ಲಿ, ಅಧಿಕಾರಿಗಳು ಬಂದೋಬಸ್ತಿನಲ್ಲಿ. ಹುಡುಗಿ ಶಾಲೆಗೆ ಬರಲಿಲ್ಲವೆಂದು ಕೇಳುವವರೇ ಇರಲಿಲ್ಲ.

ಒಂದು ಕೊಯ್ತಾದ ಲೆಕ್ಕ

ಕಬ್ಬು ಕಡಿಯುವ ಕತ್ತಿಗೆ ಮರಾಠಿಯಲ್ಲಿ ಕೊಯ್ತಾ ಎನ್ನುತ್ತಾರೆ. ಗಂಡ-ಹೆಂಡತಿ ಸೇರಿದ ಒಂದು ಜೋಡಿಗೂ ಅದೇ ಹೆಸರು. ಮುಕಾದಮ ಎಂಬ ಮೇಸ್ತ್ರಿ ಕಾರ್ಖಾನೆಯ ಕಡೆಯಿಂದ ಹಣ ತಂದು ಪ್ರತಿ ಕೊಯ್ತಾಕ್ಕೆ ಹಂಗಾಮಿಗೆ ಮೊದಲೇ 'ಉಚಲ್' ಅಂದರೆ ಮುಂಗಡ ಕೊಡುತ್ತಾನೆ. ಐವತ್ತು ಸಾವಿರದಿಂದ ಲಕ್ಷ, ಅದಕ್ಕೂ ಮೇಲೆ ಹೋಗುವುದುಂಟು. ಒಂಟಿ ಗಂಡಿಗೆ ಅರ್ಧ ಕೊಯ್ತಾದ ಬೆಲೆ, ಅದೂ ಮುಕಾದಮನಿಗೆ ಇಷ್ಟವಾದರೆ. ಕಡಿಯುವವನು ಒಬ್ಬ, ಸಿಪ್ಪೆ ಸವರಿ ಕಟ್ಟು ಕಟ್ಟಿ ತಲೆಯ ಮೇಲೆ ಹೊತ್ತು ಲಾರಿಗೆ ಏರಿಸುವವಳು ಒಬ್ಬಳು ಎಂದು ಕೆಲಸವೇ ಎರಡು ಭಾಗವಾಗಿದೆ. ಹೀಗಾಗಿ 20 ವರ್ಷದ ಹುಡುಗನಿಗೆ ಹೆಂಡತಿ ಬಂದರೆ ಆ ಮನೆಗೆ ಪೂರ್ಣ ಉಚಲ್ ಬಂದಂತೆ. ಸೊಸೆಗೆ 15 ಆಗಿದೆಯೋ 19 ಆಗಿದೆಯೋ ಎಂದು ಮುಕಾದಮ ಕೇಳುವುದಿಲ್ಲ, ಕಟ್ಟು ಹೊರುತ್ತಾಳೋ ಇಲ್ಲವೋ ಎಂದು ಮಾತ್ರ ನೋಡುತ್ತಾನೆ.

ಹುಡುಗಿಯ ತವರಿನ ಲೆಕ್ಕ ಬೇರೆ. ತಂದೆ-ತಾಯಿ ಆರು ತಿಂಗಳು ಊರಿನಲ್ಲಿರುವುದಿಲ್ಲ. ಮಗಳನ್ನು ಜೊತೆಗೆ ಕರೆದೊಯ್ದರೆ ಶಾಲೆ ತಪ್ಪಿತು. ಗದ್ದೆಯ ಬದಿಯ ಗುಡಿಸಲಿಗೆ ಬಾಗಿಲಿಲ್ಲ, ಸ್ನಾನಕ್ಕೆ ಮರೆಯಿಲ್ಲ. ನಸುಕಿನ ಮೂರು-ನಾಲ್ಕು ಗಂಟೆಗೆ ದಂಪತಿ ಹೊಲಕ್ಕೆ ಹೋದರೆ ಬೆಳೆದ ಮಗಳು ಅಲ್ಲಿ ಒಬ್ಬಳೇ. ಊರಿನಲ್ಲೇ ಬಿಟ್ಟರೆ ಕಣ್ಣು ಮಂಜಾದ ಅಜ್ಜಿಯೇ ಕಾವಲು. ಏನಾದರೂ ಹೆಚ್ಚುಕಡಿಮೆಯಾದರೆ ಮಾನ ಹೋಯಿತು ಎಂಬ ಭಯ. ಆ ಭಯ ಸುಳ್ಳಲ್ಲ, ನಗರದಲ್ಲಿ ಬಾಗಿಲಿಗೆ ಎರಡು ಚಿಲಕ ಹಾಕಿಕೊಂಡು ಮಲಗುವ ನಾವು ಅದನ್ನು ಮೂಢನಂಬಿಕೆ ಎನ್ನಬಾರದು. ಮದುವೆ ಮಾಡಿಬಿಟ್ಟರೆ ಹೊಣೆ ಇಳಿಯಿತು ಎಂದು ಆ ತಂದೆ ಭಾವಿಸುತ್ತಾನೆ. ಚಿಕ್ಕ ವಯಸ್ಸಾದಷ್ಟೂ ವರದಕ್ಷಿಣೆ ಕಡಿಮೆ, ಹತ್ತನೇ ತರಗತಿ ದಾಟಿದವಳಿಗೆ ಅದಕ್ಕಿಂತ ಹೆಚ್ಚು ಓದಿದ ವರ ಬೇಕು, ಅವನ ದರ ಬೇರೆ.

ಈಗ ಕೂಲಿಯ ವಿಚಾರ. 2024ರ ಜನವರಿಯ ಒಪ್ಪಂದದಲ್ಲಿ ಕಡಿತದ ದರ ಟನ್ನಿಗೆ ಸುಮಾರು 273 ರೂಪಾಯಿಯಿಂದ 366 ರೂಪಾಯಿಗೆ ಏರಿತು. ಒಳ್ಳೆಯ ಏರಿಕೆಯೇ. ಒಂದು ಜೋಡಿ ದಿನಕ್ಕೆ ಎರಡು ಟನ್ ಕಡಿದರೆ 732 ರೂಪಾಯಿ, ಇಬ್ಬರಿಗೆ ಭಾಗ ಮಾಡಿದರೆ ತಲಾ 366. ಲಕ್ಷ ರೂಪಾಯಿ ಉಚಲ್ ತೀರಿಸಲು ಸುಮಾರು 273 ಟನ್ ಕಡಿಯಬೇಕು, ಅಂದರೆ 137 ದಿನ. ರಜೆಯಿಲ್ಲದೆ, ಜ್ವರ ಬಾರದೆ, ಹೆರಿಗೆಯಾಗದೆ ನಾಲ್ಕೂವರೆ ತಿಂಗಳು. ಒಂದು ದಿನ ತಪ್ಪಿದರೆ 'ಖಾಡಾ' ಎಂಬ ದಂಡ, ಅದು ಕೂಲಿಗಿಂತ ದೊಡ್ಡದಾಗಿರುವುದೂ ಉಂಟು. ಹಂಗಾಮು ಮುಗಿದಾಗ ಬಾಕಿ ಉಳಿದರೆ ಮುಂದಿನ ವರ್ಷದ ಉಚಲಿಗೆ ಜಮೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಎಂದಿಗೂ ಮುಗಿಯದ ಓವರ್‌ಡ್ರಾಫ್ಟ್, ಅದಕ್ಕೆ ಒತ್ತೆ ಇಟ್ಟಿರುವುದು ಒಂದು ಹುಡುಗಿಯ ಬೆನ್ನು.

ನಮ್ಮ ಕಡೆಯ ಕಾರಣಗಳು

ಕಬ್ಬಿನ ಕಥೆ ಮರಾಠವಾಡಾದ್ದಾಯಿತು, ಉತ್ತರ ಕರ್ನಾಟಕದಲ್ಲಿ ಇದರ ಜೊತೆಗೆ ಇನ್ನೊಂದು ಕಾರಣವಿದೆ. ಅದು ಸಂಬಂಧದೊಳಗಿನ ಮದುವೆ. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಕೊಡುವ ಪದ್ಧತಿ ದಕ್ಷಿಣದಲ್ಲಿ ಹಳೆಯದು. 2019-21ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮದುವೆಗಳಲ್ಲಿ ಕಾಲುಭಾಗಕ್ಕೂ ಹೆಚ್ಚು ರಕ್ತಸಂಬಂಧಿಗಳ ನಡುವಿನವು. ಹೆಣ್ಣು ತೊಟ್ಟಿಲಲ್ಲಿರುವಾಗಲೇ 'ಇವಳು ನಮ್ಮವಳು' ಎಂದು ಅಜ್ಜಿ ಮಾತು ಕೊಟ್ಟಿರುತ್ತಾಳೆ. ಹೊಲ ಹೊರಗೆ ಹೋಗುವುದಿಲ್ಲ, ವರದಕ್ಷಿಣೆಯ ಚೌಕಾಸಿ ಇಲ್ಲ, ಅತ್ತೆಯೇ ಅತ್ತೆಯಾದರೆ ಮಗಳು ಸುಖವಾಗಿರುತ್ತಾಳೆ ಎಂಬ ನಂಬಿಕೆ. ಮಾವನಿಗೆ 27 ಆಯಿತು, ಅವನಿಗೆ ಕಾಯಲು ಆಗದು, ಅಜ್ಜನ ಪ್ರಾಣ ಹೋಗುವುದರೊಳಗೆ ಅಕ್ಷತೆ ಬೀಳಲಿ ಎಂದು ಅವಸರ ಮಾಡುತ್ತಾರೆ. ಒಂದೇ ಮನೆತನದೊಳಗಿನ ಮದುವೆಯಾದ್ದರಿಂದ ದೂರು ಕೊಡುವವರು ಯಾರು?

ಎರಡನೆಯದು ವಲಸೆ. ಠಾಣೆ, ನವಿ ಮುಂಬಯಿ, ಪುಣೆಗಳ ನಾಕಾಗಳಲ್ಲಿ ಬೆಳಿಗ್ಗೆ ಕೂಲಿಗಾಗಿ ನಿಲ್ಲುವವರಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯ ಕನ್ನಡಿಗರು ಬಹಳ. ನಾವು ವಾಸಿಸುವ ಕಟ್ಟಡಗಳ ಸಿಮೆಂಟು ಹೊತ್ತವರು ಇವರೇ. ಇವರ ಹೆಣ್ಣುಮಕ್ಕಳು ಒಂದೋ ಊರಿನಲ್ಲಿ ಅಜ್ಜಿಯ ಬಳಿ, ಇಲ್ಲವೇ ಇಲ್ಲಿ ಅರ್ಧ ಕಟ್ಟಿದ ಕಟ್ಟಡದ ನೆಲಮಾಳಿಗೆಯಲ್ಲಿ ತಮ್ಮ-ತಂಗಿಯರನ್ನು ಆಡಿಸುತ್ತ ಇರುತ್ತಾರೆ. ಎರಡೂ ಕಡೆ ಮದುವೆಯೇ ಸುಲಭದ ಪರಿಹಾರವೆನಿಸುತ್ತದೆ.

ಮೂರನೆಯದು ಏಳನೇ ತರಗತಿ. ಕರ್ನಾಟಕದ ಹಳ್ಳಿಗಳಲ್ಲಿ ಏಳರವರೆಗೆ ಶಾಲೆ ಊರಲ್ಲೇ ಇರುತ್ತದೆ, ಎಂಟಕ್ಕೆ ಪಕ್ಕದೂರಿಗೆ ನಡೆಯಬೇಕು. ಅದೇ ವಯಸ್ಸಿಗೆ ಹುಡುಗಿ ದೊಡ್ಡವಳಾಗುತ್ತಾಳೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ, ಸ್ವಾಗತಾರ್ಹ. ಬಸ್ಸೇ ಬಾರದ ಊರಿಗೆ ಉಚಿತ ಟಿಕೇಟಿನಿಂದ ಏನಾಗಬೇಕು? ಶಾಲೆಯ ಮೆಟ್ಟಿಲನ್ನೇ ಹತ್ತದ ಹುಡುಗಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ 18ರೊಳಗೆ ಮದುವೆಯಾಗಿದ್ದರೆ, ಉನ್ನತ ಶಿಕ್ಷಣ ಪಡೆದವರಲ್ಲಿ ಆ ಪ್ರಮಾಣ ಶೇಕಡಾ 4ರಷ್ಟು ಮಾತ್ರ ಎಂದು ಅದೇ ಸಮೀಕ್ಷೆಯ ಅಂಕಿಗಳು ತೋರಿಸುತ್ತವೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಹಿರಿಯ ತಲೆಮಾರಿನ ಎಷ್ಟೋ ಗಂಡುಮಕ್ಕಳು 12-13ನೇ ವಯಸ್ಸಿಗೆ ಊರು ಬಿಟ್ಟು ಮುಂಬಯಿಯ ಹೋಟೆಲುಗಳಲ್ಲಿ ಕಪ್ಪು-ಬಸಿ ತೊಳೆದವರು. ಶಾಲೆ ತಪ್ಪಿದ್ದು ಅವರಿಗೂ. ಆದರೆ ಅವರಿಗೆ ಕನ್ನಡ ರಾತ್ರಿ ಶಾಲೆಗಳ ಬಾಗಿಲು ತೆರೆದಿತ್ತು. ನನ್ನಂಥವರು ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಬಿಕಾಂ ಮುಗಿಸಿ ಬ್ಯಾಂಕಿನ ಕುರ್ಚಿ ಹಿಡಿದದ್ದೂ ಅದೇ ದಾರಿಯಿಂದ. ಅದೇ ವಯಸ್ಸಿಗೆ ಮದುವೆಯಾಗಿ ಹೋದ ಅಕ್ಕ-ತಂಗಿಯರಿಗೆ ಯಾವ ರಾತ್ರಿ ಶಾಲೆ ಇತ್ತು? ಅವರಿಗೆ ಒಮ್ಮೆ ತಪ್ಪಿದ್ದು ಕೊನೆಯವರೆಗೆ ತಪ್ಪಿತು.

ದೇಹ ತೆರುವ ಸಾಲ

ಪರಿಣಾಮಗಳಲ್ಲಿ ಮೊದಲನೆಯದು ದೇಹದ್ದು. 15ರಿಂದ 19ರ ಹುಡುಗಿಯರಲ್ಲಿ ದೇಶದಲ್ಲಿ ಶೇಕಡಾ 59 ಮಂದಿಗೆ ರಕ್ತಹೀನತೆ ಇತ್ತು ಎಂದು 2019-21ರ ಸಮೀಕ್ಷೆ ಹೇಳುತ್ತದೆ. ತನ್ನ ಎಲುಬೇ ಪೂರ್ತಿ ಬೆಳೆಯದವಳು ಇನ್ನೊಂದು ಜೀವಕ್ಕೆ ಎಲುಬು ಕೊಡಬೇಕು. ಹೆರಿಗೆ ಕಷ್ಟ, ರಕ್ತಸ್ರಾವದ ಅಪಾಯ ಹೆಚ್ಚು, ಮಗು ತೂಕ ಕಡಿಮೆ, ದಿನ ತುಂಬುವ ಮೊದಲೇ ಹುಟ್ಟುವ ಸಂಭವ ಹೆಚ್ಚು. ಅಂಥ ಮಗು ಹೆಣ್ಣಾದರೆ, ರಕ್ತಹೀನತೆಯ ತಾಯಿಯ ಮಗಳೂ ರಕ್ತಹೀನಳಾಗಿ ಬೆಳೆದು ಮುಂದಿನ ಹದಿನೈದು ವರ್ಷಕ್ಕೆ ಅದೇ ಪುಟ ತಿರುವುತ್ತಾಳೆ.

ಬೀಡ್ ಜಿಲ್ಲೆಯಲ್ಲಿ 2019ರಲ್ಲಿ ಬೆಳಕಿಗೆ ಬಂದ ಸಂಗತಿಯನ್ನು ಓದುಗರು ಮರೆತಿರಲಾರರು. ಕಬ್ಬು ಕಡಿಯುವ ಚಿಕ್ಕ ವಯಸ್ಸಿನ ಹೆಂಗಸರ ಗರ್ಭಕೋಶಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಲಾಗುತ್ತಿತ್ತು. ವಿಧಾನ ಪರಿಷತ್ತಿನ ಉಪಸಭಾಪತಿ ನೀಲಂ ಗೋರ್ಹೆ ನೇತೃತ್ವದ ಸಮಿತಿಯ ಮುಂದೆ ಬಂದ ಅಂಕಿಗಳಂತೆ 80 ಸಾವಿರಕ್ಕೂ ಹೆಚ್ಚು ಕಬ್ಬುಕಾರ್ಮಿಕ ಮಹಿಳೆಯರ ಪೈಕಿ 13 ಸಾವಿರಕ್ಕೂ ಹೆಚ್ಚು ಮಂದಿಗೆ ಈ ಶಸ್ತ್ರಚಿಕಿತ್ಸೆಯಾಗಿತ್ತು. ಆರರಲ್ಲಿ ಒಬ್ಬಳು! ಪತ್ರಿಕೆಗಳು ಇದನ್ನು ದುರಾಸೆಯ ವೈದ್ಯರ ಕಥೆಯಾಗಿ ಬರೆದವು. ಅದು ಸತ್ಯವೇ, ಆದರೆ ಅರ್ಧ ಸತ್ಯ. ಆ ಹೆಂಗಸಿನ ಜೀವನವನ್ನು ಹಿಂದಿನಿಂದ ಎಣಿಸಿಕೊಂಡು ಬನ್ನಿ. 15-16ಕ್ಕೆ ಮದುವೆ, 17ಕ್ಕೆ ಮೊದಲ ಹೆರಿಗೆ, 20-21ರೊಳಗೆ ಎರಡು-ಮೂರು ಮಕ್ಕಳು, ಕೂಡಲೇ ಸಂತಾನಹರಣ. ಹೊಲದಲ್ಲಿ ಶೌಚಾಲಯವಿಲ್ಲ, ನೀರಿಲ್ಲ, ಮುಟ್ಟಿನ ದಿನಗಳಲ್ಲೂ ಕಟ್ಟು ಹೊರಬೇಕು. ಸೋಂಕು, ಬಿಳಿಸೆರಗು, ಸೊಂಟನೋವು. ರಜೆ ಹಾಕಿದರೆ ಖಾಡಾ. ಅಷ್ಟರಲ್ಲಿ ಒಬ್ಬರು 'ಮಕ್ಕಳಾಯಿತಲ್ಲ, ಚೀಲ ಇನ್ನೇಕೆ, ಕ್ಯಾನ್ಸರ್ ಆದೀತು' ಎನ್ನುತ್ತಾರೆ. ಆಕೆಗೆ ಅದು ನೋವಿನಿಂದಲೂ ದಂಡದಿಂದಲೂ ಒಟ್ಟಿಗೆ ಬಿಡುಗಡೆಯಂತೆ ತೋರುತ್ತದೆ. ಶಸ್ತ್ರಚಿಕಿತ್ಸೆಗೆ ಹಣ ಮತ್ತೆ ಮುಕಾದಮನ ಉಚಲ್. ಮೂವತ್ತರೊಳಗೆ ಗರ್ಭಕೋಶ ಕಳೆದುಕೊಂಡವಳಿಗೆ, ಅದರ ಜೊತೆ ಅಂಡಾಶಯವನ್ನೂ ತೆಗೆದಿದ್ದರೆ, ಮುಪ್ಪಿನ ಎಲುಬು ಸವೆತ, ಮೈಬಿಸಿ, ನಿದ್ರೆಗೇಡು ಎಲ್ಲವೂ ಆಗಲೇ ಆರಂಭ. ಆದರೆ ಹೊರುವ ಕಟ್ಟಿನ ತೂಕ ಇಳಿಯುವುದಿಲ್ಲ.

ಇನ್ನು ಹಣದ ವಿಚಾರ. ಕೊಯ್ತಾದ ಕೂಲಿ ಗಂಡನ ಕೈಗೆ ಬರುತ್ತದೆ. ಮುಕಾದಮನ ವಹಿಯಲ್ಲಿ ಹೆಂಡತಿಯ ಹೆಸರೇ ಇರುವುದಿಲ್ಲ. ಕಾನೂನಿನ ಕಣ್ಣಿನಲ್ಲಿ 18 ತುಂಬದವಳು ಒಪ್ಪಂದ ಮಾಡಿಕೊಳ್ಳಲು ಅನರ್ಹಳು. ಸ್ವಸಹಾಯ ಸಂಘದ ಸಾಲದ ಕಾಗದಕ್ಕೆ ಸಹಿ ಹಾಕುವಂತಿಲ್ಲ, ಮತ ಹಾಕುವಂತಿಲ್ಲ. ಆದರೆ ಸಂಸಾರ ನಡೆಸಬಹುದು, ಹೆರಬಹುದು, ಮನೆಯ ಸಾಲ ದುಡಿದು ತೀರಿಸಬಹುದು. ಕೌಂಟರಿನ ಈ ಬದಿಯಿಂದ ಇಂಥವರನ್ನು ನಾನು ನೋಡಿದ್ದೇನೆ. ಕಂಕುಳಲ್ಲಿ ಕೂಸು, ಕೈಯಲ್ಲಿ ಆಧಾರ್ ಕಾರ್ಡು. ಅದರಲ್ಲಿರುವ ಜನ್ಮದಿನಾಂಕ ಮತ್ತು ಕೂಸಿನ ವಯಸ್ಸನ್ನು ಕೂಡಿಸಿ ಕಳೆದರೆ ಯಾವ ಗುಮಾಸ್ತನಿಗಾದರೂ ಉತ್ತರ ಸಿಗುತ್ತದೆ. ಫಾರಂ ತುಂಬಿಸುವುದು ಅತ್ತೆ, ಹೆಬ್ಬೆಟ್ಟು ಒತ್ತುವುದು ಸೊಸೆ, ಪಾಸ್‌ಬುಕ್ ಚೀಲಕ್ಕೆ ಹಾಕಿಕೊಳ್ಳುವುದು ಗಂಡ.

ಕಾನೂನು ಎಲ್ಲಿ ಮುಗ್ಗರಿಸುತ್ತದೆ

ಕಾನೂನಿನ ಕೊರತೆ ನಮ್ಮಲ್ಲಿ ಎಂದೂ ಇರಲಿಲ್ಲ. 1894ರಲ್ಲೇ ಮೈಸೂರು ಸಂಸ್ಥಾನ 8 ವರ್ಷದೊಳಗಿನ ಹುಡುಗಿಯರ ಮದುವೆಯನ್ನೂ, 50 ದಾಟಿದ ಗಂಡಸರು 14ರೊಳಗಿನವರನ್ನು ಮದುವೆಯಾಗುವುದನ್ನೂ ನಿಷೇಧಿಸಿತ್ತು. ಎಂಟು ವರ್ಷ ಎಂದರೆ ಇಂದು ನಗು ಬರಬಹುದು, ಆ ಕಾಲಕ್ಕೆ ಅದಕ್ಕೂ ವಿರೋಧವಿತ್ತು. ಇನ್ನು ಮುಂಬಯಿ ನಗರ ಹೆಮ್ಮೆಪಡಬೇಕಾದ ಹೆಸರು ರಖಮಾಬಾಯಿ. 11ರಲ್ಲಿ ಮದುವೆಯಾಗಿದ್ದ ಆಕೆ, 1884ರಲ್ಲಿ ಗಂಡ ಹೂಡಿದ ದಾವೆಯನ್ನು ಮುಂಬಯಿ ಹೈಕೋರ್ಟಿನಲ್ಲಿ ಎದುರಿಸಿದಳು. ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳು ಜೈಲಿಗೆ ಹೋಗು ಎಂದು 1887ರಲ್ಲಿ ಆದೇಶವಾದಾಗ ಜೈಲೇ ಲೇಸು ಎಂದಳು. 1888ರಲ್ಲಿ ರಾಜಿಯಾಯಿತು, ಆಕೆ ವಿಲಾಯತಿಗೆ ಹೋಗಿ ವೈದ್ಯೆಯಾಗಿ ಮರಳಿದಳು. ಆ ಗದ್ದಲದ ಬೆನ್ನಿಗೇ 1891ರ ಸಮ್ಮತಿ ವಯಸ್ಸಿನ ಕಾಯಿದೆ, ನಂತರ 1929ರ ಶಾರದಾ ಕಾಯಿದೆ, 1978ರಲ್ಲಿ 18 ಮತ್ತು 21ರ ಮಿತಿ, 2006ರ ಬಾಲ್ಯವಿವಾಹ ನಿಷೇಧ ಕಾಯಿದೆ.

2006ರ ಕಾಯಿದೆಯಲ್ಲಿ ಒಂದು ವಿಚಿತ್ರವಿದೆ. ಬಾಲ್ಯವಿವಾಹ ಮಾಡಿಸುವುದು ಅಪರಾಧ, ಆದರೆ ಆದ ಮದುವೆ ಸಾಮಾನ್ಯವಾಗಿ ತಾನಾಗಿ ರದ್ದಾಗುವುದಿಲ್ಲ. ಹುಡುಗಿಯೇ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು, ಅದೂ 20 ತುಂಬುವುದರೊಳಗೆ. ಎರಡು ಮಕ್ಕಳ ತಾಯಿ ಜಿಲ್ಲಾ ನ್ಯಾಯಾಲಯದ ಮೆಟ್ಟಿಲು ಹತ್ತುವುದನ್ನು ಊಹಿಸಿಕೊಳ್ಳಿ. ಕರ್ನಾಟಕ ಮಾತ್ರ ನಿವೃತ್ತ ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿಯ ವರದಿಯ ನಂತರ ಒಂದು ಹೆಜ್ಜೆ ಮುಂದೆ ಹೋಗಿ, 2017ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ತಿದ್ದುಪಡಿಯಿಂದ ಇಂಥ ಮದುವೆಯನ್ನು ಮೂಲದಲ್ಲೇ ಅಸಿಂಧು ಎಂದು ಸಾರಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಇತರ ರಾಜ್ಯಗಳೂ ಇದನ್ನು ಅನುಸರಿಸಲಿ ಎಂದಿತು. ಮಹಾರಾಷ್ಟ್ರದಲ್ಲಿ ಅಂಥ ತಿದ್ದುಪಡಿಯಿಲ್ಲ. ಹೀಗಾಗಿ ಗಡಿಯ ಈಚೆ ಒಂದು ಕಾನೂನು, ಆಚೆ ಇನ್ನೊಂದು. ಹೆಣ್ಣಿನ ಕಡೆಯವರು ಕರ್ನಾಟಕದವರು, ಗಂಡಿನ ಕಡೆಯವರು ಜತ್ತದವರೋ ಸೊಲ್ಲಾಪುರದವರೋ ಆದರೆ ಅಕ್ಷತೆ ಎಲ್ಲಿ ಬೀಳಬೇಕೆಂದು ಹಿರಿಯರಿಗೆ ಚೆನ್ನಾಗಿ ಗೊತ್ತು.

ಇನ್ನೊಂದು ಮಗ್ಗುಲು ಇನ್ನೂ ಸೂಕ್ಷ್ಮ. 2012ರ ಪೋಕ್ಸೋ ಕಾಯಿದೆಯಂತೆ 18ರೊಳಗಿನ ಗರ್ಭಿಣಿ ಆಸ್ಪತ್ರೆಗೆ ಬಂದರೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಉದ್ದೇಶ ಒಳ್ಳೆಯದು. ಪರಿಣಾಮವಾಗಿ ಕುಟುಂಬ ಆಸ್ಪತ್ರೆಯನ್ನೇ ತಪ್ಪಿಸುತ್ತದೆ, ಇಲ್ಲವೇ ವಯಸ್ಸನ್ನು 19 ಎಂದು ಬರೆಸುತ್ತದೆ. ರಕ್ಷಣೆ ಯಾರಿಗೆ ಹೆಚ್ಚು ಬೇಕೋ ಅವಳೇ ಚಿಕಿತ್ಸೆಯಿಂದ ದೂರವಾಗುತ್ತಾಳೆ. 2023ರ ಫೆಬ್ರವರಿಯಲ್ಲಿ ಅಸ್ಸಾಂ ಸರ್ಕಾರ ಕೆಲವೇ ದಿನಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಬಂಧಿಸಿತು. ದೇಶದಲ್ಲಿ 2022ರಲ್ಲಿ ಈ ಕಾಯಿದೆಯಡಿ ದಾಖಲಾದ ಪ್ರಕರಣಗಳು ಸುಮಾರು ಒಂದು ಸಾವಿರ, 2023ರಲ್ಲಿ ಅದು ಆರು ಸಾವಿರ ದಾಟಿತು, ಬಹುಪಾಲು ಅಸ್ಸಾಂ ಒಂದರಿಂದಲೇ. ಠಾಣೆಯ ಮುಂದೆ ಕೂಸು ಎತ್ತಿಕೊಂಡು ಅಳುತ್ತ ನಿಂತ ಹುಡುಗಿಯರ ಚಿತ್ರಗಳನ್ನು ನಾವೆಲ್ಲ ನೋಡಿದೆವು. ವರ್ಷಗಳ ಹಿಂದೆ ಆದ ಮದುವೆಗೆ ಇಂದು ದುಡಿಯುವವನನ್ನು ಒಳಗೆ ಹಾಕಿದರೆ ಹುಡುಗಿಗೆ ಶಿಕ್ಷೆ ಎರಡು ಸಲ ಆದಂತೆ ಎಂಬುದು ನನ್ನ ಅಭಿಪ್ರಾಯ. ಮದುವೆಗೆ ಮೊದಲು ಬಂದ ಪೊಲೀಸನಿಂದ ಉಪಯೋಗವುಂಟು, ಕಾಯಿದೆಯ 13ನೇ ಕಲಮಿನಂತೆ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಬಹುದು, ಅದನ್ನು ಮೀರಿ ನಡೆದ ಮದುವೆ ಯಾವ ರಾಜ್ಯದಲ್ಲೇ ಆಗಲಿ ಅಸಿಂಧು. ಇದು ಬಹಳ ಜನರಿಗೆ ತಿಳಿದಿಲ್ಲ. 2024ರ ಅಕ್ಟೋಬರ್ 18ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಶಿಕ್ಷೆಗಿಂತ ತಡೆಗೆ ಒತ್ತು ಕೊಟ್ಟು, ಚಿಕ್ಕ ಮಕ್ಕಳ ನಿಶ್ಚಿತಾರ್ಥದ ಬಗ್ಗೆಯೂ ಸಂಸತ್ತು ಯೋಚಿಸಲಿ ಎಂದಿತು. ಹೆಣ್ಣಿನ ವಯಸ್ಸನ್ನು 21ಕ್ಕೆ ಏರಿಸುವ 2021ರ ಮಸೂದೆ 17ನೇ ಲೋಕಸಭೆಯೊಂದಿಗೇ ಮುಗಿಯಿತು. ಹದಿನೆಂಟನ್ನೇ ಕಾಯಲಾಗದವರು ಇಪ್ಪತ್ತೊಂದನ್ನು ಹೇಗೆ ಕಾಯುತ್ತಿದ್ದರೋ!

ಹಣ ಯಾವ ವಯಸ್ಸಿಗೆ ಬರಬೇಕು

ಕರ್ನಾಟಕದ ಭಾಗ್ಯಲಕ್ಷ್ಮಿ ಯೋಜನೆ 2006ರಲ್ಲಿ ಬಂತು. ಬಡ ಕುಟುಂಬದ ಹೆಣ್ಣುಮಗುವಿನ ಹೆಸರಿನಲ್ಲಿ ಬಾಂಡು, 18 ತುಂಬುವವರೆಗೆ ಮದುವೆಯಾಗದಿದ್ದರೆ ಹಣ. ಮೊದಲ ತಂಡದ ಹುಡುಗಿಯರಿಗೆ 2024ರಲ್ಲಿ 18 ತುಂಬಿತು. ಪಶ್ಚಿಮ ಬಂಗಾಳದ ಕನ್ಯಾಶ್ರೀ 2013ರಲ್ಲಿ ಆರಂಭವಾಗಿ 2017ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿಯನ್ನೂ ಪಡೆಯಿತು, 18ಕ್ಕೆ 25 ಸಾವಿರ ರೂಪಾಯಿ. ಆದರೆ ಬಂಗಾಳದ ಬಾಲ್ಯವಿವಾಹದ ಪ್ರಮಾಣ 2015-16ರಲ್ಲೂ 41.6, 2019-21ರಲ್ಲೂ 41.6. ಇದರಿಂದ ಯೋಜನೆ ವ್ಯರ್ಥ ಎನ್ನಲಾಗದು, ಹುಡುಗಿಯರು ಶಾಲೆಯಲ್ಲಿ ಉಳಿಯಲು ಅದು ನೆರವಾಗಿರಬಹುದು. ಆದರೆ 18ನೇ ಹುಟ್ಟುಹಬ್ಬದಂದು ಕೈಗೆ ಬರುವ ಹಣ ಬಹಳ ಮನೆಗಳಲ್ಲಿ ಮದುವೆಯ ಹಣವಾಗಿಬಿಡುತ್ತದೆ. ಠೇವಣಿ ಮುರಿಸಲು ಬರುವ ತಂದೆಯಂದಿರು ಫಾರಂನಲ್ಲಿ ಕಾರಣ ಬರೆಯುವಾಗ 'ಮಗಳ ಮದುವೆ' ಎಂದು ಬರೆಯುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ, 'ಮಗಳ ಕಾಲೇಜು' ಎಂದು ಬರೆದವರು ಕಡಿಮೆ. ಹುಡುಗಿ ಶಾಲೆ ಬಿಡುವುದು 12-13ಕ್ಕೆ. ಹಾಸ್ಟೆಲ್, ಬಟ್ಟೆ, ಬಸ್ಸು, ಪುಸ್ತಕದ ಖರ್ಚು ಬರುವುದು ಆಗ. ನೆರವೂ ಆಗ ಬರಬೇಕು. 2004ರಿಂದ ಇರುವ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಂಥ ವಸತಿಶಾಲೆಗಳು ಹಂಗಾಮಿಗೆ ಊರು ಬಿಡುವ ತಾಯಿಗೆ ಕೊಡುವ ಧೈರ್ಯವನ್ನು ಯಾವ ಬಾಂಡೂ ಕೊಡಲಾರದು.

ಸಂಘ-ಸಂಸ್ಥೆಗಳ ಪದಾಧಿಕಾರಿಗಳು ಈ ಕಾಯಿದೆಯ 11ನೇ ಕಲಮನ್ನು ಒಮ್ಮೆ ಓದಿಕೊಳ್ಳುವುದು ಉಚಿತ. ಬಾಲ್ಯವಿವಾಹಕ್ಕೆ ಪ್ರೋತ್ಸಾಹ ಕೊಟ್ಟ ಅಥವಾ ತಡೆಯದೆ ಬಿಟ್ಟ ಸಂಸ್ಥೆಯ ಸದಸ್ಯರೂ, ಅದರಲ್ಲಿ ಭಾಗವಹಿಸಿದವರೂ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷದವರೆಗೆ ದಂಡಕ್ಕೆ ಗುರಿಯಾಗಬಹುದು. ಊರಿನ ಸಾಮೂಹಿಕ ವಿವಾಹಗಳಿಗೆ ದೇಣಿಗೆ ಕೊಡುವ, ಮುಖ್ಯ ಅತಿಥಿಗಳಾಗಿ ಹೋಗುವ ನಮ್ಮ ಉದ್ಯಮಿಗಳು, ಅಧ್ಯಕ್ಷರುಗಳು ವಧುವಿನ ವಯಸ್ಸಿನ ದಾಖಲೆ ಕೇಳಿದರೆ ಅದು ಅಪಮಾನವಲ್ಲ. ಆಧಾರ್ ಸಾಲದು, ಅದು ಜನ್ಮದಿನಾಂಕಕ್ಕೆ ಪುರಾವೆಯಲ್ಲ ಎಂದು ಅದನ್ನು ಕೊಡುವ ಪ್ರಾಧಿಕಾರವೇ ಹೇಳಿದೆ. ಶಾಲೆಯ ಪ್ರಮಾಣಪತ್ರ ಅಥವಾ ಜನನ ಪತ್ರ ನೋಡಬೇಕು. ಯಾವುದೇ ಮದುವೆಯ ಸುಳಿವು ಸಿಕ್ಕರೆ 1098ಕ್ಕೆ ಕರೆ ಮಾಡಬಹುದು, ಮುಂಬಯಿಯಿಂದಲೂ.

ಕೊನೆಯದಾಗಿ ನಮ್ಮ ವಿದ್ಯಾರ್ಥಿವೇತನಗಳು. ಪ್ರತಿ ವರ್ಷ ಜೂನ್-ಜುಲೈ ತಿಂಗಳಲ್ಲಿ ಈ ಮಹಾನಗರದ ಹತ್ತಾರು ಕನ್ನಡ ಸಂಘಗಳು, ಜಾತೀಯ ಸಂಘಟನೆಗಳು ಪ್ರತಿಭಾ ಪುರಸ್ಕಾರ ಏರ್ಪಡಿಸುತ್ತವೆ. ಹತ್ತನೇ, ಹನ್ನೆರಡನೇ ತರಗತಿಯಲ್ಲಿ 80, 90 ಅಂಕ ಪಡೆದವರಿಗೆ ಶಾಲು, ಫಲಕ, ಲಕೋಟೆ. ಸಂತೋಷ. ಆದರೆ ನಾಕಾ ಕಾರ್ಮಿಕನ ಮಗಳು ಆ ಪಟ್ಟಿಗೆ ಬರುವ ಮೂರು ವರ್ಷ ಮೊದಲೇ ಶಾಲೆ ಬಿಟ್ಟಿರುತ್ತಾಳೆ. ಹತ್ತು ಲಕೋಟೆಗಳಲ್ಲಿ ಎರಡನ್ನು ಏಳನೇ ತರಗತಿ ಮುಗಿಸಿ ಎಂಟಕ್ಕೆ ಸೇರುವ ವಲಸೆ ಕಾರ್ಮಿಕರ ಹೆಣ್ಣುಮಕ್ಕಳಿಗೆ, ಅಂಕ ನೋಡದೆ, ಮೂರು ವರ್ಷ ಸತತವಾಗಿ, ಪ್ರತಿ ಹಂಗಾಮಿನ ಮಧ್ಯೆ ಜನವರಿಯಲ್ಲಿ ಹಾಜರಿ ಪತ್ರ ನೋಡಿ ಕೊಡುವುದಾದರೆ ಅರ್ಜಿ ನಮೂನೆಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಅರ್ಜಿದಾರರನ್ನು ಹುಡುಕಲು ದೂರ ಹೋಗಬೇಕಿಲ್ಲ. ಬೆಳಿಗ್ಗೆ ಏಳು ಗಂಟೆಗೆ ನಿಮ್ಮ ಸಮೀಪದ ನಾಕಾಕ್ಕೆ ಹೋಗಿ ಕನ್ನಡದಲ್ಲಿ 'ಯಾವೂರು?' ಎಂದು ಕೇಳಿದರೆ ಆಯಿತು.